ಉಪವಾಸದ ಬಿಸ್ಕತ್ತಿಗೆ ಯಾವ ಎಣ್ಣೆ

ಚಮಚದ ಅಂಚಿನಲ್ಲಿ ವನಸ್ಪತಿ ಎಷ್ಟು ಬೇಗ ಬೆಳ್ಳಗೆ ಗಟ್ಟಿಯಾಯಿತು, ಉಗುರಿನಿಂದ ಕೆರೆದರೆ ಮೇಣ, ಮೇಣವೇ — ನಲವತ್ತು ವರ್ಷ ಇದನ್ನೇ ಪುಣ್ಯ ಅಂದುಕೊಂಡು ಕರಗಿಸಿದೆನಲ್ಲ, ಈಸ್ಟರಿಗೆ ಮುಂಚಿನ ಐವತ್ತೈದು ದಿನದ ಉಪವಾಸ, ಕ್ರಿಸ್‌ಮಸ್ಸಿಗೆ ಮುಂಚಿನದು ಬೇರೆ, ಹಾಲಿಲ್ಲ, ಬೆಣ್ಣೆಯಿಲ್ಲ, ಮೊಟ್ಟೆಯಿಲ್ಲ, ಆದರೆ ಈ ಹಳದಿ ಡಬ್ಬಿಯ ವನಸ್ಪತಿಗೆ ಅಡ್ಡಿಯಿಲ್ಲ, ಗಿಡದ್ದಲ್ಲವೇ, ಹಾಗಾಗಿ ಈಜಿಪ್ಟಿನ ಮಿನ್ಯಾ ಊರಿನ ನಮ್ಮ ಚರ್ಚಿನಲ್ಲಿ ಯಾರು ಹೆಚ್ಚು ಭಕ್ತರೋ ಅವರ ಮೈಗೇ ಇದು ಹೆಚ್ಚು ಸೇರಿತು, ನನ್ನ ಗಂಡ ಲಬೀಬರ ಮೈಗೆ ಎಲ್ಲರಿಗಿಂತ ಹೆಚ್ಚು, ಒಂದು ಉಪವಾಸವನ್ನೂ ಬಿಟ್ಟವರಲ್ಲ. ಹೋದ ವರ್ಷ ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತರು, ರಕ್ತನಾಳದೊಳಗೆ ಸಣ್ಣ ಜಾಲರಿ ಕೊಳವೆ ಇಟ್ಟರು, ಡಾಕ್ಟರು ಅಂದರು, ತಾತ, ಬದುಕಬೇಕು ಅಂದ್ರೆ ವನಸ್ಪತಿ ಮುಟ್ಟಬೇಡಿ — ಮನೆಯಲ್ಲಿ ಮುಟ್ಟಗೊಟ್ಟಿಲ್ಲ ನಾನು, ಆದರೆ ಇಲ್ಲಿ, ಚರ್ಚಿನ ಅಡುಗೆಮನೆಯಲ್ಲಿ? ಪೂಜೆ ಮುಗಿಸಿ ಮಧ್ಯಾಹ್ನ ಮೂರಕ್ಕೆ ಬರಿಹೊಟ್ಟೆಯಲ್ಲಿ ಬರುತ್ತಾರೆ, ಎಲ್ಲರೂ ಹಂಚಿ ತಿನ್ನೋದನ್ನ ಬೇಡ ಅನ್ನೋಕಾಗುತ್ತಾ, ವದೀಅ, ಅಂತ ನನ್ನನ್ನೇ ಕೇಳುತ್ತಾರೆ, ತಿಂದೇಬಿಡುತ್ತಾರೆ, ಬದಲಾಗುವುದಾದರೆ ಇಡೀ ಪರಾತವೇ ಬದಲಾಗಬೇಕು, ಇಪ್ಪತ್ತು ಕಿಲೋ ಬಿಸ್ಕತ್ತಿನ ಹಿಟ್ಟು, ಈಗಲೇ, ಚಮಚವೋ ಅಡುಗೆಮನೆಯ ಯಜಮಾನಿ ಗಲೀಲಾಳ ಕೈಯಲ್ಲಿ.

ನಿಲ್ಲು ಗಲೀಲಾ, ಎಳ್ಳೆಣ್ಣೆ ತಂದಿದ್ದೀನಿ, ಅದನ್ನ ಹಾಕು, ಅಂದೆ. ಯಾಕೇ, ಇದೂ ಗಿಡದ್ದೇ ಅಲ್ವಾ, ಇದನ್ನ ಯಾವ ಹಸು ಕರೀತು? ಎಣ್ಣೆ ಹಾಕಿದ್ರೆ ಹಲ್ಲು ಮುರಿಯತ್ತೆ, ಜನ ನನ್ನ ಬೈತಾರೆ, ಅಂದಳು, ನಾದಲು ಬಂದ ಹೆಂಗಸರೆಲ್ಲ ನಕ್ಕರು, ಒಲೆಯ ಹತ್ತಿರದಿಂದ ಯಾರೋ, ಸುಮ್ನಿರ್ರೇ, ರಾತ್ರಿ ಶಾಲೆ ಡಾಕ್ಟರಮ್ಮ ಪಾಠ ಹೇಳ್ತಾರೆ — ಹೇಳಿದೆ, ಹೌದು, ಯಾಕೆ ಹೇಳಬಾರದು, ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಅಕ್ಷರ ಬರೆದವಳು, ವನಸ್ಪತಿಯ ಬಗ್ಗೆ ಬರೆದಿದ್ದ ಪುಟವನ್ನು ಬೆರಳಿಟ್ಟು ಹನ್ನೊಂದು ಸಲ ಓದಿದವಳು, ಎಣ್ಣೆಯ ಕಣ ಮಡಿಸಿದ ಮೊಣಕೈಯ ಹಾಗೆ ಬಾಗಿರುತ್ತದೆ, ಜಲಜನಕ ಸೇರಿಸಿ ಗಟ್ಟಿ ಮಾಡುವಾಗ ಕೆಲವು ನೆಟ್ಟಗಾಗಿಬಿಡುತ್ತವೆ, ಪಾಪ, ಮೈಗೆ ಗೊತ್ತಾಗುವುದಿಲ್ಲ, ತನ್ನದೇ ಅಂದುಕೊಂಡು ಜೀವಕೋಶದ ಗೋಡೆಗೆ ಸೇರಿಸಿಕೊಳ್ಳುತ್ತದೆ, ಗೋಡೆ ಬಿಗಿಯುತ್ತದೆ, ಉರಿಸಹೋದರೆ ಕಿಣ್ವ ಆ ನೆಟ್ಟನೆಯ ಗಂಟಿನಲ್ಲಿ ಎಡವುತ್ತದೆ, ಅರ್ಧ ಕತ್ತರಿಸಿದ ತುಂಡುಗಳು ಹಾಗೇ ಉಳಿಯುತ್ತವೆ, ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ಒಳ್ಳೆಯದು ಇಳಿಯುತ್ತದೆ, ಆದರೆ ತಿನ್ನುವುದು ಬಿಟ್ಟರೆ ಸಾಕು, ತಿಂಗಳುಗಟ್ಟಲೆ ಕೂತು ಒಂದೊಂದನ್ನೇ ಉರಿಸಿ ಮುಗಿಸುತ್ತದೆ ಮೈ, ಅವಸರವಿಲ್ಲ, ಬೇಸರವಿಲ್ಲ, ನನ್ನ ಹಾಗೇ, ಆ ಮೈಯ ಮೇಲೆ ನನಗೆಷ್ಟು ಹೆಮ್ಮೆ — ಡಬ್ಬಿ ಮೇಲೆ ಹಾಗಂತ ಬರ್ದಿದ್ಯಾ, ಅಂದಳು ಗಲೀಲಾ. ಬರೆದಿದೆ. ಎಲ್ಲಿ, ಓದು ನೋಡೋಣ. ಓದಿದೆ, ಎಲೆಯ ಚಿತ್ರದ ಕೆಳಗೆ ಇರುವೆ ಸಾಲಿನಂಥ ಅಕ್ಷರ, ಭಾಗಶಃ ಜಲಜನಕ ಸೇರಿಸಿದ ಎಣ್ಣೆ, ತಡವರಿಸದೆ, ಎಲ್ಲರೆದುರು, ನಲವತ್ತು ವರ್ಷ ಇಲ್ಲಿ ಯಾರೂ ಓದದಿದ್ದುದನ್ನು. ಗಲೀಲಾಳ ಗಂಡ ಹೋದದ್ದೂ ಎದೆನೋವಿನಲ್ಲೇ, ಉಪವಾಸದ ನಡುವೆಯೇ, ಅವಳೇ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು, ಎರಡೂ ಕೈಯಿಂದ, ಸುರಿ ನಿನ್ನ ಎಣ್ಣೆನ, ಹಲ್ಲು ಮುರಿದ್ರೆ ಮೊದಲು ಲಬೀಬಣ್ಣಂದೇ ಮುರೀಲಿ. ಸುರಿದೆ, ನಾದಿದೆವು, ಮೊದಲ ತಟ್ಟೆ ಒಲೆಗೆ ಹೋಯಿತು, ಎಳ್ಳಿನ ವಾಸನೆ ಏಳುತ್ತಿದೆ, ಅವರು ಬರುವ ಹೊತ್ತು, ಬರಲಿ, ತಿನ್ನಲಿ, ಹೊಟ್ಟೆ ತುಂಬ ತಿನ್ನಲಿ — ಗಲೀಲಾ ಪಕ್ಕಕ್ಕೆ ಬಂದಿದ್ದಾಳೆ, ಡಬ್ಬಿ ಕಂಕುಳಲ್ಲಿ, ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ, ಅದು ಎಲ್ಲಿದೆ ಅಂದ್ಯೇ, ತೋರ್ಸೇ. ಅವಳ ಬೆರಳು ಹಿಡಿದು ಇಟ್ಟೆ, ಹಿಟ್ಟು ಮೆತ್ತಿದ ಬೆರಳು, ಮೊದಲ ಅಕ್ಷರದ ಕೆಳಗೆ ಒಂದು ಬಿಳಿ ಗುರುತು, ಎರಡನೆಯದರ ಕೆಳಗೆ ಇನ್ನೊಂದು, ಒಲೆಯಲ್ಲಿ ತಟ್ಟೆ ತಿರುಗಿಸಬೇಕು, ತಿರುಗಿಸಬೇಕು, ಆದರೆ ಆ ಬೆರಳು, ಹಿಟ್ಟಿನ ಬೆರಳು, ಮೂರನೆಯದರ ಕೆಳಗೆ, ಬಿಡದೆ, ಆ ಬೆರಳು —