ಹಸೆಗೋಡೆಯ ಸೊಟ್ಟ ಗೆರೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಮಂಜಿ ಹೇಳುತ್ತಲೇ ಇದ್ದಳು. ನೇತ್ರಾ ಕೇಳಿಯೂ ಇದ್ದಳು. ಆದರೆ ಹತ್ತನೇ ಕ್ಲಾಸಿನ ವಯಸ್ಸಿನಲ್ಲಿ ಗಾದೆ ಕೇಳಲು ಕಿವಿ ಇರುತ್ತದೆ, ನಾಲಿಗೆಗೆ ಮಾತ್ರ ಮೂಗುದಾರ ಇರುವುದಿಲ್ಲ.

ಹೆಗ್ಗರಣೆ ಕಡೆಯ ಅವರ ಮನೆತನದಲ್ಲಿ ಮದುವೆಗೆ ಹಸೆಗೋಡೆ ಬರೆಯುವುದು ಹೆಂಗಸರ ಕೆಲಸ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿತ್ತಾರ. ಅದರ ಮುಂದೆಯೇ ಮದುಮಕ್ಕಳನ್ನು ಕೂರಿಸುವುದು. ಅಜ್ಜಿಯ ಕೈ ನಡುಗತೊಡಗಿದ ಮೇಲೆ ಆ ವಿದ್ಯೆ ಹೋಗಿ ಸೇರಿದ್ದು ಎಂಟನೇ ಕ್ಲಾಸಿನ ತಮ್ಮ ರಾಘುವಿಗೆ. ಪುಂಡಿನಾರಿನ ಕುಂಚ ಹಿಡಿದರೆ ಅವನು ಊಟ ಮರೆಯುತ್ತಿದ್ದ. ದೊಡ್ಡಪ್ಪನ ಮಗಳು ನಮಿತಾಳ ಮದುವೆಗೆ ಅವನೇ ಬರೆಯುವುದೆಂದು ಅಜ್ಜಿ ಗಟ್ಟಿಮಾಡಿದ್ದಳು. ಅಪ್ಪ ಕೆರಿಯಪ್ಪ ಕಂಡೂ ಕಾಣದಂತೆ ಇದ್ದ. ನೇತ್ರಾಳಿಗೆ ಮಾತ್ರ ಹೆಮ್ಮೆ. ರಾಘು ಹಿತ್ತಲ ಗೋಡೆಯ ಮೇಲೆ ಕೈ ಪಳಗಿಸುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡಳು.

ಅದನ್ನು ತೋರಿಸಿದ್ದೇ ತಪ್ಪಾಯಿತು. ಶಾಲೆಯಿಂದ ಬರುವ ಬಸ್ಸಿನಲ್ಲಿ ಗೆಳತಿ ಪ್ರತಿಭಾ ನೋಡಿ ಕಿಸಕ್ಕನೆ ನಕ್ಕಳು. "ಎಂತದೇ ಇದು? ನಿನ್ನ ತಮ್ಮ ರಂಗೋಲಿ ಹಾಕ್ತಾನೇನೇ?" ಹಿಂದಿನ ಸೀಟಿನವರೂ ಬಗ್ಗಿ ನೋಡಿದರು. ಹೌದು, ಚೆಂದ ಬರೀತಾನೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಗುವವರ ನಡುವೆ ಒಬ್ಬಳೇ ನಗದೆ ಕೂರಲು ಅವಳಿಗೆ ಹೆದರಿಕೆ. "ಅವ ಎಲ್ಲಿ ತಮ್ಮ? ನಮ್ಮನೆ ರಾಘಮ್ಮ ಅವ" ಎಂದುಬಿಟ್ಟಳು.

ಎರಡೇ ದಿನದಲ್ಲಿ ಅವನು ಇಡೀ ಹೈಸ್ಕೂಲಿಗೆ ರಾಘಮ್ಮನಾದ. ಬೆಂಚಿನ ಮೇಲೆ ಬರೆದರು. ಆಟಕ್ಕೆ ಕರೆಯುವಾಗ "ಸೆರಗು ಸಿಕ್ಕಿಸ್ಕೊಂಡು ಬಾರೇ" ಎಂದರು. ವಿಷಯ ತಿಳಿದಾಗ ಅಪ್ಪನಾದರೂ ಮಗನ ಪರ ನಿಲ್ಲಬೇಕಿತ್ತಲ್ಲವೇ?

"ಹೆಣ್ಮಕ್ಕಳ ಕೆಲಸಕ್ಕೆ ಕೈ ಹಾಕಿದ್ರೆ ಮತ್ತೆಂತ ಅಂತಾರೆ? ನಾಳೆಯಿಂದ ಚಪ್ಪರದ ಕಂಬ ಹೊರೂಕೆ ಬಾ" ಎಂದ.

ರಾಘು ಕುಂಚಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿ, ಉರಿದು ಮುಗಿಯುವ ತನಕ ನೋಡುತ್ತ ನಿಂತ.

ಮದುವೆಗೆ ಉಳಿದದ್ದು ನಾಲ್ಕೇ ದಿನ. ಅಜ್ಜಿ ಹೊಸ ಕುಂಚ ಕಟ್ಟಿ ನೇತ್ರಾಳ ಕೈಗಿತ್ತಳು. "ಹೆಣ್ಣಲ್ಲನೇ ನೀ? ಹಿಡಿದ್ರೆ ತಂತಾನೇ ಬರ್ತದೆ."

ತಂತಾನೇ ಎಂಥದ್ದೂ ಬರಲಿಲ್ಲ. ಮೂರು ಸಲ ಒರೆಸಿ ಸಾಕಾಗಿ, ನೇತ್ರಾ ಅಂಗಳದಲ್ಲಿ ಕಂಬಕ್ಕೆ ಗುಂಡಿ ತೋಡುತ್ತಿದ್ದ ತಮ್ಮನ ಹತ್ತಿರ ಹೋದಳು.

"ಒಂದು ಮೂಲೆ ಬರ್ದುಕೊಡೋ. ಬಾಗಿಲು ಹಾಕ್ಕೊಳ್ಳುವ, ಯಾರಿಗೂ ಗೊತ್ತಾಗೂದಿಲ್ಲ."

ರಾಘು ತಲೆ ಎತ್ತಲಿಲ್ಲ. "ಬಸ್ಸಲ್ಲಿ ಆ ಹೆಸರು ಮೊದ್ಲು ಇಟ್ಟವ್ಳು ಯಾರು ಅಂತ ನಂಗೊತ್ತು ಅಕ್ಕ. ಬೇರೆಯವ್ರು ಅಂದದ್ದು ಬಿಡು. ನೀ ಎಂತಕೆ ಅಂದಿ?"

ತಪ್ಪಾಯಿತು ಎನ್ನಲು ನೇತ್ರಾಳಿಗೆ ನಾಲಿಗೆ ಏಳಲಿಲ್ಲ. ಬಸ್ಸಿನಲ್ಲಿ ಅಷ್ಟು ಸಲೀಸಾಗಿ ಹೊರಳಿದ್ದು ಇದೇ ನಾಲಿಗೆ.

ಮದುವೆಯ ದಿನ ಸೊಟ್ಟ ಗೆರೆಗಳ ಹಸೆಗೋಡೆಯ ಮುಂದೆ ಮದುಮಕ್ಕಳು ಕೂತರು. ಗಂಡಿನ ಕಡೆಯ ಹೆಂಗಸೊಬ್ಬಳು, ಬರೆದವರು ಯಾರು ಎಂದು ಕೇಳಿದಳು. ಕೆರಿಯಪ್ಪ ಎದೆಯುಬ್ಬಿಸಿ ಮಗಳನ್ನು ತೋರಿಸಿದ.

"ಅದಕ್ಕೇ ಹೇಳೂದು, ಹೆಣ್ಮಕ್ಕಳ ಕೈ ಅಂದ್ರೆ ಕೈ!" ಎಂದು ಅವಳು ನೇತ್ರಾಳ ಗಲ್ಲ ಸವರಿದಳು.

ನೇತ್ರಾಳಿಗೆ ಅಳು ಒತ್ತರಿಸಿ ಬಂತು. ಹುಡುಗಿಗೆ ನಾಚಿಕೆ ಎಂದು ಎಲ್ಲರೂ ನಕ್ಕರು. ಅದೇ ಹೊತ್ತಿಗೆ ರಾಘು ಊಟದ ಬೆಂಚು ಹೊತ್ತು, ಗಂಡಸರ ಜೊತೆ ಆ ಗೋಡೆಯ ಪಕ್ಕದಲ್ಲೇ ಹಾದುಹೋದ. ತಿರುಗಿಯೂ ನೋಡಲಿಲ್ಲ.