ಬೈಸಿಕೊಂಡವರ ಸಂಘ

ನಮ್ಮ ಸೋದರಮಾವನ ಟೈಲರ್ ಅಂಗಡಿಯ ಮೇಲೆ ಒಂದು ಉದ್ದನೆಯ ಕೋಣೆಯಿದೆ. ಹದಿನಾಲ್ಕು ವರ್ಷ, ಪ್ರತಿ ಶನಿವಾರ ಸಂಜೆ, ಅಲ್ಲಿ ಹರಕುಬಾಯಿ ನಿಂತು ಮಾತಾಡುತ್ತಿದ್ದರು. ಬಾಗಿಲಲ್ಲಿ ಸ್ಟ್ಯಾಂಡಪ್ ಕಾಮಿಡಿ ಎಂಬ ಬೋರ್ಡಿತ್ತು. ಜನ ಮಾತ್ರ ‘ಬೈಸಿಕೊಳ್ಳೋಕೆ ಹೋಗ್ತೀವಿ’ ಎಂದೇ ಹೇಳಿ ಬರುತ್ತಿದ್ದರು. ಹರಕುಬಾಯಿ ಎಂಬುದು ಆಗದವರು ಇಟ್ಟ ಹೆಸರು. ಅವರು ಅದನ್ನೇ ಪೋಸ್ಟರಿನಲ್ಲಿ ದಪ್ಪಕ್ಷರದಲ್ಲಿ ಹಾಕಿಸಿಕೊಂಡರು.

ಅವರು ತೀರಿಕೊಂಡು ಎಂಟು ತಿಂಗಳಾಗಿದೆ. ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅಭಿಮಾನಿಗಳು ಅದೇ ಕೋಣೆಯಲ್ಲಿ ಸೇರುತ್ತಾರೆ. ಬೈಸಿಕೊಂಡವರ ಸಂಘ ಎಂದು ಹೆಸರು. ಸದಸ್ಯರಾಗಲು ಒಂದೇ ಅರ್ಹತೆ: ಹರಕುಬಾಯಿ ನಿಮ್ಮನ್ನು ಒಮ್ಮೆಯಾದರೂ ಎಲ್ಲರೆದುರು ಹೀಯಾಳಿಸಿರಬೇಕು. ಹೊಗಳಿಸಿಕೊಂಡವರಿಗೆ ಪ್ರವೇಶವಿಲ್ಲ. ಅಂಥವರು ಯಾರೂ ಇರಲೂ ಇಲ್ಲ.

ಎಂಟನೇ ತರಗತಿಗೆ ಶಾಲೆ ಬಿಟ್ಟು ಮಾವನ ಅಂಗಡಿಯಲ್ಲಿ ಅಂಗಿಗಳ ಗುಂಡಿಗೆ ಕಾಜಾ ಹಾಕಲು ಕೂತ ನನಗೆ ಶನಿವಾರ ಇನ್ನೊಂದು ಕೆಲಸವಿತ್ತು. ಪ್ರದರ್ಶನದ ಮರುದಿನ ಯಾರಾದರೂ ಅಂಗಡಿಗೆ ಬಂದು, ‘ನಿಮ್ಮ ಹರಕುಬಾಯಿ ನನಗೆ ಹೀಗಂದನಂತೆ’ ಎಂದು ಜಗಳ ತೆಗೆಯುವುದು ಮಾಮೂಲಾಗಿತ್ತು. ಅವರು ಹೇಳಿದ್ದೇ ಒಂದು, ಕೇಳಿದವರು ಹೇಳುವುದು ಇನ್ನೊಂದು. ಅದಕ್ಕೆ ಮಾವ ನನ್ನನ್ನು ಪರದೆಯ ಪಕ್ಕ ಕೂರಿಸಿ, “ಅಂದದ್ದನ್ನ ಅಂದ ಹಾಗೇ ಬರಿ. ಬಲಗಡೆ ಪುಟದಲ್ಲಿ ಮಾತ್ರ. ಎಡಗಡೆ ಖಾಲಿ ಬಿಡು, ದೂರು ಬಂದ್ರೆ ಅಲ್ಲಿ ಬರಿಯೋಣ” ಎಂದಿದ್ದರು. ಹಾಗೆ ಹನ್ನೊಂದು ನೋಟ್‌ಬುಕ್ ತುಂಬಿದ್ದವು. ಸಂಘದ ಸಭೆಗೆ ನಾನು ಅವುಗಳ ಜೊತೆಗೆ ಬರುವವಳು. ಯಾರಿಗಾದರೂ ಮಾತು ಮರೆತರೆ ಪುಟ ತೆಗೆದು ಮಾವನ ಕೈಗೆ ಕೊಡುತ್ತಿದ್ದೆ. ಓದುವುದು ಅವರೇ.

ಆ ಭಾನುವಾರ ಮೂವರಿದ್ದರು: ಮಾವ, ಬಸ್ ಕಂಡಕ್ಟರ್, ನಿವೃತ್ತ ಟೀಚರಮ್ಮ. ಕೋಣೆಯಲ್ಲಿ ಹರಕುಬಾಯಿಯ ನೆನಪಿಗೆ ಒಂದು ಫಲಕ ಹಾಕುವ ವಿಚಾರ. ಅದರ ಮೇಲೆ ಏನು ಬರೆಸುವುದು ಎಂದು ಮುಕ್ಕಾಲು ಗಂಟೆಯಿಂದ ವಾದ ನಡೆದಿತ್ತು.

“ಹಾಸ್ಯರತ್ನ ಅಂತ ಹಾಕೋಣ” ಎಂದರು ಕಂಡಕ್ಟರ್.

“ಅದನ್ನ ಕೇಳಿದ್ರೆ ಅವನು ಎದ್ದು ಬಂದು ಇನ್ನೊಂದು ಸಲ ಸಾಯ್ತಾನೆ” ಎಂದರು ಟೀಚರಮ್ಮ.

“ಮತ್ತೆ ನೀವೇ ಹೇಳಿ ಮೇಡಂ. ನಗರಸಭೆ ಅಧ್ಯಕ್ಷರನ್ನ ಮುಂದೆ ಕೂರಿಸ್ಕೊಂಡು, ‘ಇವರು ರಸ್ತೆ ಮಾಡಿಸಿದ್ದಾರೆ, ಆದ್ರೆ ನಾಚಿಕೆ ಸ್ವಭಾವ, ಎಲ್ಲಿ ಅಂತ ಹೇಳಲ್ಲ’ ಅಂದೋರು ಬೇರೆ ಯಾರಿದ್ದಾರೆ? ಎರಡು ತಿಂಗಳು ಕೋಣೆಗೆ ಬೀಗ ಬಿತ್ತು. ಹೆದರಿದ್ರಾ?”

“ಹೆದರಲಿಲ್ಲ. ಒಪ್ಪಿದೆ. ಆದ್ರೆ ದೊಡ್ಡೋರಿಗೆ ಹೊಡೆದ ಕೈಯಲ್ಲೇ ಬಡಪಾಯಿಗಳಿಗೂ ಹೊಡೆದಿದ್ದಾನಲ್ಲ. ಅದನ್ನ ಯಾವ ಫಲಕದಲ್ಲಿ ಬರೀತೀರಿ?”

“ನಿಮಗೂ ಹೊಡೆದ್ರು. ಆದ್ರೂ ತಪ್ಪದೆ ಬರ್ತೀರಲ್ಲ.”

ಟೀಚರಮ್ಮ ನಕ್ಕರು. ತಮ್ಮ ಮೇಲಿನ ಮಾತನ್ನು ಅವರು ಪದಕದ ಹಾಗೆ ಹೊತ್ತು ತಿರುಗುತ್ತಾರೆ. ‘ಈ ಟೀಚರಮ್ಮನಿಗೆ ಸಾವಿಲ್ಲ. ಯಮ ಬಂದ್ರೆ ಮೊದಲು ಕೈ ಚಾಚು ಅಂತಾರೆ, ಉಗುರು ನೋಡ್ತಾರೆ. ಅವನು ಕತ್ತರಿಸ್ಕೊಂಡು ಬರೋಕೆ ವಾಪಸ್ ಹೋಗ್ತಾನೆ.’ ಕಂಡಕ್ಟರಿಗೆ ಸಿಕ್ಕಿದ್ದು: ‘ಇವನು ಮನೆಯಲ್ಲೂ ಹೆಂಡತಿ ಮಕ್ಕಳಿಗೆ ಒಳಗೆ ಹೋಗಿ, ಒಳಗೆ ಜಾಗ ಇದೆ ಅಂತಾನೆ. ಇರೋದು ಒಂದೇ ಕೋಣೆ.’ ಮಾವನಿಗೆ ಸಿಕ್ಕಿದ್ದು ಎಲ್ಲಕ್ಕಿಂತ ಹಳೆಯದು: ‘ನನ್ನ ಮದುವೆ ಕೋಟಿಗೆ ಇವನ ಹತ್ರ ಅಳತೆ ಕೊಟ್ಟಿದ್ದೆ. ಕೈಗೆ ಬಂದದ್ದು ಮದುವೆಯಾಗಿ ಹದಿನೈದು ವರ್ಷಕ್ಕೆ. ಹೊಟ್ಟೆಗೆ ಮಾತ್ರ ಸರಿಯಾಗಿ ಕೂತಿತು. ದೂರದೃಷ್ಟಿ ಇರೋ ಮನುಷ್ಯ.’

ಇವನ್ನು ಮತ್ತೆ ಹೇಳಿಕೊಂಡು, ಮೊದಲ ಸಲ ಕೇಳಿದವರಂತೆ ಮೂವರೂ ನಗುತ್ತಿರುವಾಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ಹರಕುಬಾಯಿಯ ಹೆಂಡತಿ ನಿಂತಿದ್ದರು.

ಹದಿನಾಲ್ಕು ವರ್ಷದಲ್ಲಿ ಅವರು ಆ ಮೆಟ್ಟಿಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಮೂವರೂ ಒಮ್ಮೆಗೇ ಎದ್ದು ನಿಂತರು. ಮಾವ ತಮ್ಮ ಕುರ್ಚಿಯನ್ನೇ ಒರೆಸಿ ಮುಂದಿಟ್ಟರು.

“ಕೂತ್ಕೊಳ್ಳಿ ಅತ್ತಿಗೆ. ಹೇಳಿ ಕಳಿಸಿದ್ರೆ ನಾವೇ ಬರ್ತಿದ್ವಲ್ಲ.”

ಅವರು ಕೂತರು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೋಣೆಯನ್ನು ಒಮ್ಮೆ ಸುತ್ತ ನೋಡಿದರು.

“ಇಲ್ಲೇ ನಿಂತ್ಕೋತಿದ್ರಾ?”

“ಆ ಕಿಟಕಿ ಹತ್ರ” ಎಂದರು ಮಾವ.

“ನನ್ನನ್ನ ಒಂದು ದಿನವೂ ಕರೀಲಿಲ್ಲ. ನೀನು ಮುಂದೆ ಕೂತ್ರೆ ನನಗೆ ಸುಳ್ಳು ಹೇಳೋಕೆ ಬಾಯಿ ಬರಲ್ಲ ಅಂತಿದ್ರು. ಇರ್ಲಿ ಅಂತ ನಾನೂ ಬರಲಿಲ್ಲ.” ಕಿಟಕಿಯಿಂದ ಕಣ್ಣು ತೆಗೆದು ಹೇಳಿದರು. “ಹಣ್ಣಿನಂಗಡಿಗೆ ಹೋದ್ರೆ ನನ್ನ ಮುಖ ನೋಡಿ ನಗ್ತಾರೆ. ಔಷಧಿ ಅಂಗಡೀಲೂ ಅಷ್ಟೇ. ಮೊದಲು ಅವರು ಜೊತೆಗಿರ್ತಿದ್ರು, ಅವರನ್ನ ನೋಡಿ ನಗ್ತಾರೆ ಅಂದ್ಕೋತಿದ್ದೆ. ಈಗ ಒಬ್ಬಳೇ ಹೋಗ್ತೀನಿ, ಈಗಲೂ ನಗ್ತಾರೆ. ಇಲ್ಲಿ ನಿಂತು ನನ್ನ ಬಗ್ಗೆ ಏನು ಹೇಳ್ತಿದ್ರು? ಅದು ಗೊತ್ತಾಗದೆ ಆ ಮನುಷ್ಯನಿಗಾಗಿ ಅಳಬೇಕೋ ಬೈಬೇಕೋ ತಿಳೀದೆ ಎಂಟು ತಿಂಗಳಿಂದ ಕೂತಿದ್ದೀನಿ.”

ಬೈಗುಳವನ್ನೇ ಬಂಡವಾಳ ಮಾಡಿಕೊಂಡವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಿಮ್ಮ ಬಗ್ಗೆ ಏನೂ ಕೆಟ್ಟದ್ದು ಹೇಳಿಲ್ಲ ಅತ್ತಿಗೆ” ಎಂದರು ಕಂಡಕ್ಟರ್. “ಬರೀ ಒಳ್ಳೇದೇ. ನನ್ನ ಮನೆಯ ದೀಪ ಅಂತಿದ್ರು.”

“ಹೌದು ಹೌದು, ಅವಳಿಂದಲೇ ನಾನು ಅಂತಿದ್ರು” ಎಂದು ಮಾವನೂ ಸೇರಿಸಿದರು.

“ಸಹನಾಮೂರ್ತಿ ಅಂದದ್ದು ನನಗೆ ನೆನಪಿದೆ” ಎಂದರು ಟೀಚರಮ್ಮ, ನೆಲ ನೋಡುತ್ತಾ. ನಲವತ್ತು ವರ್ಷ ಮಕ್ಕಳ ಸುಳ್ಳು ಹಿಡಿದವರು ಅವರು. ತಾವೇ ಹೇಳುವಾಗ ಮಾತ್ರ ಕಿವಿ ಕೆಂಪಾಗಿತ್ತು.

ಹೆಂಡತಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. “ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೀನಿ. ಮನೇಲಿ ಒಂದು ದಿನ ಚೆನ್ನಾಗಿದೆ ಅನ್ನದವರು ನಿಮ್ಮೆದುರು ದೀಪ ಅಂದ್ರಾ? ಎಲ್ಲರಿಗೂ ಬೈದು ನನ್ನೊಬ್ಬಳನ್ನೇ ಹೊಗಳಿದ್ರು ಅಂತ ನೀವು ಮೂರು ಜನ ಹೇಳ್ತೀರಿ ಅಂದ್ಮೇಲೆ, ಬಾಯಲ್ಲಿ ಹೇಳೋಕಾಗದ್ದನ್ನೇ ಅಂದಿರಬೇಕು.” ಚೀಲ ಹೆಗಲಿಗೇರಿಸಿ ಎದ್ದರು. “ಬರ್ತೀನಿ.”

ಅವರ ಮುಖ ನೋಡಿದೆ. ಏನೋ ಘೋರವಾದದ್ದನ್ನು ಕಲ್ಪಿಸಿಕೊಂಡಾಗಿತ್ತು. ನೋಟ್‌ಬುಕ್‌ನಲ್ಲಿ ಇದ್ದದ್ದು ಅಷ್ಟು ಘೋರವಲ್ಲ. ನಾಲ್ಕನೆಯ ನೋಟ್‌ಬುಕ್ ನನ್ನ ಕೈಯಲ್ಲೇ ಇತ್ತು. ಮಾವನ ಕೈಗೆ ಕೊಟ್ಟರೆ ಅವರು ಓದುವುದಿಲ್ಲ ಎಂದು ತಿಳಿದಿತ್ತು. ಎದ್ದು ನಿಲ್ಲದೆ, ಕೂತಲ್ಲಿಂದಲೇ ಓದಲು ಶುರುಮಾಡಿದೆ.

“‘ನನ್ನ ಹೆಂಡತಿ ಸಿಟ್ಟು ಬಂದ್ರೆ ಮಾತಾಡಲ್ಲ. ಪಾತ್ರೆ ಮಾತಾಡುತ್ತೆ. ಸಣ್ಣ ಮುಚ್ಚಳ ಬಿದ್ರೆ ಹಾಸಿಗೆ ಮೇಲೆ ಒದ್ದೆ ಟವೆಲು. ದೊಡ್ಡ ಮುಚ್ಚಳ ಬಿದ್ರೆ ನಮ್ಮಮ್ಮನ ಫೋನು. ಕುಕ್ಕರ್ ಮುಚ್ಚಳ ಬಿದ್ದ ದಿನ ನಾನು ಕಾರಣ ಕೇಳಲ್ಲ, ಸೀದಾ ಬಸ್ ಸ್ಟ್ಯಾಂಡಿಗೆ ಹೋಗ್ತೀನಿ.’”

“ಏ ಹುಡುಗಿ” ಎಂದರು ಮಾವ, ಪಿಸುಮಾತಿನಲ್ಲಿ.

ಹೆಂಡತಿ ಬಾಗಿಲಿನಲ್ಲೇ ತಿರುಗಿ ನಿಂತರು. “ಅದೇನದು?”

“ನೋಟ್‌ಬುಕ್ ಅಮ್ಮ. ಅವರು ಹೇಳಿದ್ದೆಲ್ಲ ಬರೆದಿದ್ದೀನಿ.”

“ಬಸ್ ಸ್ಟ್ಯಾಂಡಿಗೆ ಹೋದದ್ದನ್ನ ಹೇಳಿದ್ರಾ? ಅರ್ಧ ಗಂಟೆಗೆ ವಾಪಸ್ ಬಂದದ್ದನ್ನ ಹೇಳಿದ್ರಾ?”

“ಇಲ್ಲ.”

“ವಾಪಸ್ ಬಂದು, ಬಾಗಿಲಲ್ಲಿ ನಿಂತು, ನನ್ನ ಬನಿಯನ್ ಎಲ್ಲಿದೆ ಅಂತ ಕೇಳಿದ್ರು. ಮನೆ ಬಿಟ್ಟು ಹೋಗೋನಿಗೆ ತನ್ನ ಬನಿಯನ್ ಎಲ್ಲಿದೆ ಅಂತಾದ್ರೂ ಗೊತ್ತಿರಬೇಡ್ವಾ?”

ಮೊದಲು ನಕ್ಕದ್ದು ಟೀಚರಮ್ಮ. ತಡೆಯಲು ಹೋಗಿ, ಆಗದೆ, ಕೆಮ್ಮಿದರು. ಕಂಡಕ್ಟರ್ ಗೋಡೆಯ ಕಡೆ ತಿರುಗಿಕೊಂಡರು, ಅವರ ಬೆನ್ನು ಕುಲುಕುತ್ತಿತ್ತು. ಹೆಂಡತಿ ಆಶ್ಚರ್ಯದಿಂದ ನೋಡಿದರು. ತಮ್ಮ ಮಾತಿಗೆ ಕೋಣೆಯೊಂದು ನಗುವುದು ಅವರಿಗೆ ಹೊಸದು.

ಮತ್ತೆ ಬಂದು ಕೂತರು. “ಓದಮ್ಮ.”

“‘ನಮ್ಮನೆಯಲ್ಲಿ ಮುರಿದ ಛತ್ರಿ ಏಳಿವೆ. ನನ್ನ ಹೆಂಡತಿ ಬಿಸಾಡಲ್ಲ, ಬೇಕಾಗುತ್ತೆ ಅಂತಾಳೆ. ಅದೇ ನನ್ನ ಧೈರ್ಯ. ಛತ್ರೀನೇ ಬಿಸಾಡದವಳು ನನ್ನನ್ನ ಬಿಸಾಡ್ತಾಳಾ.’”

“ಒಂಬತ್ತು” ಎಂದರು ಅವರು. “ಎರಡನ್ನ ಅವರೇ ಮುರಿದದ್ದು, ಅದನ್ನ ಬಿಟ್ಟು ಹೇಳಿದ್ದಾರೆ. ಛತ್ರಿಗಾದ್ರೂ ಒಂದು ಕಾಲದಲ್ಲಿ ಮಳೆ ತಡೆದ ಹೆಗ್ಗಳಿಕೆ ಇದೆ.”

ಈ ಸಲ ಮಾವನಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, “ಅಯ್ಯೋ ಅತ್ತಿಗೆ, ನೀವು ಇಷ್ಟು ವರ್ಷ ಎಲ್ಲಿದ್ರಿ” ಎಂದರು.

“ಬನಿಯನ್ ಹುಡುಕ್ತಾ ಇದ್ದೆ.”

ಅಲ್ಲಿಂದ ಮುಂದೆ ನನಗೆ ಓದಲು ಬಿಡುವಾದರೆ ಬರೆಯಲು ಬಿಡುವಿಲ್ಲ. ಬಲಪುಟದಲ್ಲಿ ಅವರ ಮಾತು, ಎಡಪುಟದಲ್ಲಿ ಇವರ ಉತ್ತರ. ಹದಿನಾಲ್ಕು ವರ್ಷ ಒಬ್ಬರೇ ಮಾತಾಡಿದ ಕೋಣೆಯಲ್ಲಿ ಈಗ ಗಂಡ ಹೆಂಡತಿ ಎದುರುಬದುರು ಕೂತಂತಿತ್ತು. ಕಂಡಕ್ಟರ್ ಪಕ್ಷ ಬದಲಿಸಿಬಿಟ್ಟರು. ಪ್ರತಿ ಮಾತಿಗೂ, “ಅಣ್ಣ ಸೋತ್ರು, ಮುಂದಿನದು” ಎನ್ನುತ್ತಿದ್ದರು.

ಏಳನೆಯ ನೋಟ್‌ಬುಕ್‌ನ ಒಂದು ಪುಟಕ್ಕೆ ಬಂದು ನಿಂತೆ. ಮೊದಲ ಸಾಲು ನೋಡಿ ಪುಟ ಮಗುಚಲು ಹೋದೆ.

“ಯಾಕೆ ಬಿಟ್ಟೆ?” ಎಂದರು ಅವರು.

“ಚೆನ್ನಾಗಿಲ್ಲ ಅಮ್ಮ.”

“ಅದಕ್ಕೇ ಬಂದದ್ದು ನಾನು.”

ಓದಿದೆ. “‘ನಮ್ಮ ಮಾವನವರಿಗೆ ಮರೆವಿನ ಕಾಯಿಲೆ. ಹೆತ್ತ ಮಗಳನ್ನೇ ಮರೆತುಬಿಟ್ಟಿದ್ದಾರೆ. ಅದೃಷ್ಟವಂತರು. ನಾನು ಎಷ್ಟೋ ವರ್ಷದಿಂದ ಪ್ರಯತ್ನ ಪಡ್ತಿದ್ದೀನಿ, ಆಗ್ತಿಲ್ಲ.’”

ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು.

“ಯಾವತ್ತು ಹೇಳಿದ್ದು?”

ಪುಟದ ಮೇಲಿದ್ದ ತಾರೀಕು ಹೇಳಿದೆ.

“ಆ ವಾರ ಅಪ್ಪ ಆಸ್ಪತ್ರೆಯಲ್ಲಿದ್ರು” ಎಂದರು. “ಯಾರಮ್ಮ ನೀನು ಅಂತ ಕೇಳಿದ್ರು. ರಾತ್ರಿ ಮನೆಗೆ ಬಂದು ಇವರೊಬ್ಬರ ಹತ್ರ ಹೇಳ್ಕೊಂಡು ಅತ್ತಿದ್ದೆ. ಜನ ನಕ್ಕರಾ?”

“ನಕ್ಕರು.”

“ನೀನು?”

ಸುಳ್ಳು ಹೇಳಬಹುದಿತ್ತು. “ನಾನೂ ನಕ್ಕೆ ಅಮ್ಮ. ನನಗೆ ಆಗ ಗೊತ್ತಿರಲಿಲ್ಲ.”

“ಅವರಿಗೆ ಗೊತ್ತಿತ್ತು.”

ಕಂಡಕ್ಟರ್ ಗಂಟಲು ಸರಿಮಾಡಿಕೊಂಡರು. “ಹಾಸ್ಯ ಅಂದ್ಮೇಲೆ ಅತ್ತಿಗೆ, ಒಂದೊಂದು ಸಲ ಬಾಯಿ ಜಾರಿ...”

“ನೀವು ಒಳಗೆ ಹೋಗಿ, ಒಳಗೆ ಜಾಗ ಇದೆ” ಎಂದು ಟೀಚರಮ್ಮ ಗದರಿದರು. ಹೆಂಡತಿಯ ತುಟಿಯ ತುದಿ ಒಂದಿಷ್ಟು ಅಲುಗಿತು, ಕಣ್ಣು ಮಾತ್ರ ತುಂಬಿತ್ತು.

ಮಾವ ಪುಟದತ್ತ ಕೈಚಾಚಿ, “ಇದೊಂದನ್ನ ಹರಿದು ಹಾಕಿಬಿಡೋಣ” ಎಂದರು.

“ಬೇಡ” ಎಂದರು ಅವರು. “ಹರಿದ್ರೆ ಹೇಳಲೇ ಇಲ್ಲ ಅಂತಾಗುತ್ತೆ. ಹೇಳಿದ್ದು ಹೇಳಿದ್ದೇ. ಎಡಗಡೆ ಬರಿಯಮ್ಮ: ಇದು ತಪ್ಪು.”

ಟೀಚರಮ್ಮ ಚೀಲದಿಂದ ಕೆಂಪು ಪೆನ್ನು ತೆಗೆದುಕೊಟ್ಟರು. ನಿವೃತ್ತಿಯಾಗಿ ಆರು ವರ್ಷವಾದರೂ ಅದು ಅವರ ಚೀಲದಲ್ಲೇ ಇರುತ್ತದೆ. ಖಾಲಿ ಪುಟದ ನಟ್ಟನಡುವೆ ಎರಡು ಪದ ಬರೆದೆ. ಅವರು ಬಗ್ಗಿ ನೋಡಿದರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಸರಿ. ಇಂಥದ್ದು ಇನ್ನೆಷ್ಟಿವೆ?”

“ಇದೊಂದೇ ಅಮ್ಮ. ಉಳಿದದ್ದೆಲ್ಲ ಪಾತ್ರೆ, ಛತ್ರಿ, ಅಂಥವೇ.”

“ಹನ್ನೊಂದು ನೋಟ್‌ಬುಕ್‌ನಲ್ಲಿ ಒಂದು” ಎಂದುಕೊಂಡರು, ಯಾರಿಗೂ ಅಲ್ಲದೆ. ಆಮೇಲೆ ಚೀಲ ಕೆಳಗಿಟ್ಟರು. ಅಲ್ಲಿಯವರೆಗೂ ಅದು ಹೆಗಲಲ್ಲೇ ಇತ್ತು. “ಬಿಡು, ಅತ್ತುಬಿಡಬಹುದು ಆ ಮನುಷ್ಯನಿಗಾಗಿ. ಆದ್ರೆ ಇವತ್ತಲ್ಲ. ಇವತ್ತು ಲೆಕ್ಕ ಚುಕ್ತಾ ಆಗ್ಲಿ. ಓದು.”

ಓದಿದೆವು. ಬಿಸ್ಕತ್ತಿನ ಪೊಟ್ಟಣ ಖಾಲಿಯಾಯಿತು, ಎರಡು ಸಲ ಚಹಾ ಬಂತು. ಬಿಸಿಲು ಕಿಟಕಿಯಿಂದ ಎದುರು ಗೋಡೆಗೆ ಹತ್ತುವ ಹೊತ್ತಿಗೆ ಒಂಬತ್ತನೆಯ ನೋಟ್‌ಬುಕ್ ಮುಗಿದಿತ್ತು. ಉಳಿದದ್ದು ಮುಂದಿನ ತಿಂಗಳಿಗೆ ಎಂದಾಯಿತು. ಅವರನ್ನು ಮನೆಯವರೆಗೆ ಬಿಟ್ಟು ಬಾ ಎಂದು ಮಾವ ನನ್ನನ್ನು ಜೊತೆಗೆ ಕಳಿಸಿದರು.

ಮೂಲೆಯ ಹಣ್ಣಿನಂಗಡಿಯಾಕೆ ಅವರನ್ನು ಕಂಡವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ದಿನವೂ ತಲೆ ತಗ್ಗಿಸಿ ಹೋಗುತ್ತಿದ್ದ ಹೆಂಗಸು ಈಗ ನೇರವಾಗಿ ಅವಳ ಬುಟ್ಟಿಯ ಮುಂದೆ ಹೋಗಿ ನಿಂತರು.

“ಯಾವುದು? ಮುಚ್ಚಳದ್ದೋ, ಛತ್ರಿಯದ್ದೋ?”

ಅಂಗಡಿಯಾಕೆ ತಬ್ಬಿಬ್ಬಾದಳು. “ತಪ್ಪು ತಿಳ್ಕೋಬೇಡಿ ಅಕ್ಕಾ. ಬೀಗದ್ದು.”

“ಅದಿನ್ನೂ ಓದಿಲ್ಲ. ಹೇಳು.”

ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. “ನನ್ನ ಹೆಂಡತಿ ಬೀಗ ಹಾಕಿ ನಾಲ್ಕು ಸಲ ಜಗ್ತಾಳೆ, ಬೀದಿ ಕೊನೆಗೆ ಹೋಗಿ ವಾಪಸ್ ಬಂದು ಐದನೇ ಸಲ ಜಗ್ತಾಳೆ. ಒಂದು ದಿನ ಜಗ್ಗಿ ಜಗ್ಗಿ ಬೀಗ ಕೈಗೇ ಬಂತು. ನೋಡಿ, ನಾನು ಹೇಳಲಿಲ್ವಾ ಸರಿಯಾಗಿ ಬಿದ್ದಿಲ್ಲ ಅಂತ, ಅಂದಳು.”

“ಕೈಗೆ ಬಂದದ್ದು ನಿಜ” ಎಂದರು ಅವರು, ಒಂದು ಸೇಬನ್ನು ತಿರುಗಿಸಿ ನೋಡುತ್ತಾ. “ಆವತ್ತು ಅವರು ಒಳಗೇ ಇದ್ರು, ಅದನ್ನ ಹೇಳಿದ್ರಾ? ಮುಕ್ಕಾಲು ಗಂಟೆಯಿಂದ ಕೂಗ್ತಿದ್ರು. ನಾನು ಪಕ್ಕದ ಮನೆ ರೇಡಿಯೋ ಅಂದ್ಕೊಂಡಿದ್ದೆ.”

ಅಂಗಡಿಯಾಕೆ ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು ನಕ್ಕಳು. ಹಣ್ಣು ಆರಿಸುತ್ತಿದ್ದ ಇಬ್ಬರು ಏನೆಂದು ಕೇಳಿದರು, ಅವಳಿಗೆ ಹೇಳಲಾಗಲಿಲ್ಲ, ಇವರೇ ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಮುಕ್ಕಾಲು ಗಂಟೆ ಒಂದು ಗಂಟೆಯಾಗಿತ್ತು. ನಾನು ತಿದ್ದಲಿಲ್ಲ.

ಎದುರಿನ ಔಷಧಿ ಅಂಗಡಿಯವನು ಗದ್ದಲ ಕೇಳಿ ಹೊರಗೆ ಬಂದು, ಇವರನ್ನು ನೋಡಿ ತುಟಿ ಬಿಗಿಹಿಡಿದ. ಅವರು ಸೇಬನ್ನು ನನ್ನ ಕೈಗೆ ಕೊಟ್ಟು ರಸ್ತೆ ದಾಟಿದರು.