ಮೂರನೆಯ ಭಾಗದ ಪದ್ಯ

ಚಟ್ಟದ ಬಿದಿರು ಹೆಗಲಿಗೆ ತಾಗಿದ್ದೇ ತಡ, ಮುನಿಶಾಮಿ ಹಿಂದಕ್ಕೆ ಸರಿದುಬಿಟ್ಟ. ಚಟ್ಟ ವಾಲಿತು. ಪಕ್ಕದಲ್ಲಿದ್ದ ಆರುಮುಗಂ ಎರಡೂ ಕೈ ಕೊಟ್ಟು ತಡೆಯದಿದ್ದರೆ ಸೀನಪ್ಪನ ಹೆಣ ಊರಿಗಾಂ ಗಣಿಕಾರ್ಮಿಕರ ಲೈನಿನ ಚರಂಡಿಗೇ ಉರುಳುತ್ತಿತ್ತು.

"ಏನ್ಲಾ, ಬುದ್ಧಿ ನೆಟ್ಟಗೈತಾ?" ಆರುಮುಗಂ ರೇಗಿದ.

"ನನ್ ಕೈಲಾಗಲ್ಲ. ಆ ಬುಕ್ಕಲ್ಲಿ ಎಸ್ರಿರೋರೆಲ್ಲ ಮಣ್ಣಾಗವ್ರೆ. ಉಳ್ದಿರೋನು ನಾನೊಬ್ನೇ. ಈಗ ಅವ್ನ ಜೊತೆ ಗುಂಡಿಗೂ ಇಳೀಬೇಕಾ?"

ಯಾವ ಬುಕ್ಕು ಎಂದು ಲೈನಿನಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಸೀನಪ್ಪ ಗಣಿಯ ಲ್ಯಾಂಪ್ ರೂಮಿನಲ್ಲಿ ಕೆಲಸಕ್ಕಿದ್ದವನು. ಇಳಿಯುವವರಿಗೆ ದೀಪ ಕೊಡುವುದು, ಹತ್ತಿ ಬಂದವರಿಂದ ತಿರುಗಿ ಪಡೆದು ಕೊಕ್ಕೆಗೆ ತೂಗುಹಾಕುವುದು, ಅಷ್ಟೇ ಅವನ ಬದುಕು. ಯಾರ ಕೊಕ್ಕೆ ಖಾಲಿ ಉಳಿಯಿತೋ ಅವರ ಹೆಸರಿನಲ್ಲಿ ಒಂದು ಪದ್ಯ ಕಟ್ಟುವ ಹುಚ್ಚು ಬೇರೆ. ರಾಜ್ಯ ಒಂದುಗೂಡಿದ ಮರುವರ್ಷ ಅದನ್ನೆಲ್ಲ ಬಂಗಾರಪೇಟೆಯ ಒಂದು ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸಿದ್ದ. ಕೊಂಡವರು ಕಡಿಮೆ, ಹೆದರಿದವರೇ ಹೆಚ್ಚು.

ಹೊಸಿಲಿನಲ್ಲಿ ಕೂತಿದ್ದ ಸೀನಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ತಲೆಯೆತ್ತಿದಳು. "ಗುಂಡೀಗೆ ಇಳ್ಸೋದು ಮುನಿಶಾಮೀನೇ ಆಗ್ಬೇಕು ಅಂತ ನನ್ ಕೈ ಇಡ್ಕಂಡು ಏಳವ್ರೆ ಕಣಪ್ಪ. ಇಲ್ದಿದ್ರೆ ಅವ್ರು ಈ ಮನೆ ಬಿಟ್ಟು ಓಗಲ್ಲ. ಬೆಳಗಿಂದ ತಲೆದೆಸೆಗೆ ದೀಪ ಅಚ್ಚಿದ್ರೆ ನಿಲ್ತಾನೇ ಇಲ್ಲ."

ಎಲ್ಲರ ಕಣ್ಣೂ ಅಶ್ವತ್ಥಪ್ಪ ಮೇಷ್ಟರ ಮೇಲೆ ಬಿತ್ತು. ಪುಸ್ತಕಕ್ಕೆ ಮುನ್ನುಡಿ ಬರೆದವರು ಅವರು. ಮುನಿಶಾಮಿಯ ಹೆದರಿಕೆ ಬಿಡಿಸಿದರೆ ಅವರೇ ಬಿಡಿಸಬೇಕು.

*

ಮುನ್ನುಡಿಗೆಂದು ಮೇಷ್ಟರು ಆ ಪದ್ಯಗಳನ್ನು ತಿಂಗಳುಗಟ್ಟಲೆ ಓದಿದ್ದರು. ವಸ್ತುವೇನು, ಯಾವ ಪದ್ಯದ ಬೆನ್ನಿಗೆ ಯಾವುದು, ಯಾಕೆ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಒಂದು ಭಾನುವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿ ಸೀನಪ್ಪನ ಮನೆಗೇ ಬಂದರು.

"ನಿನ್ನ ಪುಸ್ತಕ ಒಂದು ಶಿಫ್ಟು ಕಣಯ್ಯ," ಎಂದರು, ಕಳ್ಳನನ್ನು ಹಿಡಿದ ಖುಷಿಯಲ್ಲಿ. "ಮೊದಲ ಭಾಗದಲ್ಲಿ ಎಲ್ಲರೂ ಇಳೀತಾರೆ. ಎರಡನೇದ್ರಲ್ಲಿ ಬರೀ ಕತ್ತಲೆ. ಮೂರನೇದು ಹತ್ತಿ ಬರೋದು. ಅಲ್ಲಿ ಮುನಿಶಾಮಿ ಒಬ್ಬನೇ. ಸರಿ ತಾನೇ?"

ಮುನಿಶಾಮಿಯ ಸಂಗತಿ ಇಷ್ಟೇ. ಹೆಂಡತಿಗೆ ಹೆರಿಗೆ ನೋವು ಶುರುವಾಯಿತೆಂಬ ಗಾಬರಿಯಲ್ಲಿ ದೀಪ ಹಿಂತಿರುಗಿಸದೆ ಮನೆಗೆ ಓಡಿದ್ದ. ಖಾಲಿ ಕೊಕ್ಕೆಯನ್ನೇ ನೋಡುತ್ತ ಕೂತ ಸೀನಪ್ಪ ಪದ್ಯ ಕಟ್ಟಿ ಮುಗಿಸಿದ ಮೇಲೆ, ಮರುದಿನ ಆಸಾಮಿ ನಗುತ್ತ ಬಂದು ದೀಪ ಕೊಟ್ಟ.

ಸೀನಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. "ಅವ್ನು ಅತ್ತಿ ಬಂದ ಅಂತ ನಾನೆಲ್ಲಿ ಬರ್ದಿದೀನಿ ಮೇಷ್ಟ್ರೇ?"

"ಕಣ್ಣೆದುರಿಗೇ ಓಡಾಡ್ತಾ ಇದ್ದಾನಲ್ಲಯ್ಯ!"

"ಓಡಾಡ್ತಾವ್ನೆ. ಆದ್ರೆ ಕಟ್ಟಿದ್ ಪದ್ಯ ಸುಮ್ಕೆ ಓಗಲ್ಲ. ಅದು ಕಾಯ್ತಾ ಇರ್ತೈತೆ."

ಎಲೆ ಮಡಿಸಿ ಬಾಯಿಗಿಟ್ಟುಕೊಂಡು ನಕ್ಕ. ಮೇಷ್ಟರು ನಗಲಿಲ್ಲ. ಮುನ್ನುಡಿಯಲ್ಲಿ ಆ ಮಾತನ್ನು ಬರೆಯಲೂ ಇಲ್ಲ. ಅವರಿಗೆ ನಿಜವಾಗಿಯೂ ಭಯವಾಗಿತ್ತು.

*

"ಇಲ್ಲಿ ಕೇಳಪ್ಪ ಮುನಿಶಾಮಿ," ಎಂದು ಮೇಷ್ಟರು ಅವನ ಭುಜ ಹಿಡಿದರು. "ಮೂರನೇ ಭಾಗ ಬದುಕಿ ಬಂದವರದು. ಸೀನಪ್ಪನೇ ನನ್ನ ಹತ್ರ ಹಾಗಂದ. ನೀನು ಮೇಲೆ ಬಂದಾಗಿದೆ."

"ನಿಜ್ವಾ ಮೇಷ್ಟ್ರೇ?"

"ನನ್ನಾಣೆ."

ಸುಳ್ಳಲ್ಲದೆ ಆ ಹೊತ್ತಿಗೆ ಪಾಪ ಮೇಷ್ಟರ ಬಳಿ ಬೇರೇನಿತ್ತು? ಮುನಿಶಾಮಿ ಟವೆಲಿನಿಂದ ಮುಖ ಒರೆಸಿಕೊಂಡು ಚಟ್ಟಕ್ಕೆ ಹೆಗಲು ಕೊಟ್ಟ.

ಚಿನ್ನ ತೆಗೆದುಳಿದ ಗಣಿಮಣ್ಣು ಸುರಿದ ಸೈನೈಡ್ ದಿಬ್ಬದ ಹಿಂದಿನ ಮಸಣದಲ್ಲಿ ಗುಂಡಿ ಸಿದ್ಧವಾಗಿತ್ತು. ಮುನಿಶಾಮಿ ಮೊದಲು ಇಳಿದು ಹೆಣವನ್ನು ತೋಳಲ್ಲಿ ಇಳಿಸಿಕೊಂಡ, ತಲೆ ನೆಟ್ಟಗೆ ಮಾಡಿದ, ಬಟ್ಟೆ ಸರಿಪಡಿಸಿದ. ಹೀಗೆ ಇಳಿದವನು ತಾನಾಗಿ ಹತ್ತಕೂಡದು. ಹತ್ತಿದರೆ ಸತ್ತವನೂ ಹಿಂದೆಯೇ ಹತ್ತುತ್ತಾನೆಂದು ಲೈನಿನವರ ನಂಬಿಕೆ. ಮೇಲಿದ್ದವರೇ ಕೈ ಹಿಡಿದು ಎಳೆದುಕೊಳ್ಳಬೇಕು.

ಆಗಲೇ ಕೆಳಗೆಲ್ಲೋ ಗಣಿ ಗುಡುಗಿ ನೆಲ ಅದುರಿತು. ಅಲ್ಲಿನವರಿಗೆ ಅದೇನು ಹೊಸದಲ್ಲ. ಆದರೂ ಅಂಚಿನ ಮಣ್ಣು ಪುಡಿಪುಡಿಯಾಗಿ ಗುಂಡಿಯೊಳಗೆ ಜಾರಿದಾಗ ಎಲ್ಲರೂ ಒಟ್ಟಿಗೆ ಹಿಂದೆ ಸರಿದರು.

"ಕೈ ಕೊಡ್ರಪ್ಪಾ," ಎಂದಿತು ಒಳಗಿನಿಂದ ದನಿ.

ಆ ಪದ್ಯ ಕೈ ಕೊಟ್ಟವನನ್ನೂ ಸೇರಿಸಿ ಎಳೆದುಕೊಂಡೀತೆಂದು ಯಾರೂ ಬಗ್ಗಲಿಲ್ಲ. ಆರುಮುಗಂ ದಿಬ್ಬದ ಕಡೆ ಮುಖ ತಿರುಗಿಸಿಕೊಂಡ.

"ಆರುಮುಗಂ! ಲೇ!" ದನಿ ಒಡೆಯಿತು. "ಮೇಷ್ಟ್ರೇ, ನೀವಾದ್ರೂ ಕೈ ಕೊಡಿ."

ಮುಂದಕ್ಕೆ ಹೋಗುತ್ತಿದ್ದೇನೆ ಎಂದೇ ಮೇಷ್ಟರು ಅಂದುಕೊಂಡಿದ್ದರು. ನೋಡಿದರೆ ಕಾಲು ಕದಲಿರಲಿಲ್ಲ. ಕೈಗಳೆರಡೂ ಬೆನ್ನ ಹಿಂದೆ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಗುಂಡಿಯ ಅಂಚಿನ ಮೇಲೆ ಮಣ್ಣು ಮೆತ್ತಿದ ಬೆರಳುಗಳು ಬರೀ ಗಾಳಿಯನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು.